ಬಚ್ಚಲಿನ ಸಂದು, ಕೆಳಗಿನ ಮನೆಯ ಸೂರು

ಭಾನುವಾರ ಬೆಳಿಗ್ಗೆ ಬೆಲ್ ಆದಾಗ ಕಾವಲಿಯ ಮೇಲೆ ದೋಸೆ ಇತ್ತು. ಬಾಗಿಲಲ್ಲಿ ಕೆಳಗಿನ ಮನೆಯ ಕಾಕೂ. ಎಪ್ಪತ್ತು ದಾಟಿದವರು, ಮೊಣಕಾಲು ನೋವಿನವರು. ಲಿಫ್ಟಿಲ್ಲದ ನಮ್ಮ ಡೊಂಬಿವಲಿಯ ಹಳೇ ಕಟ್ಟಡದಲ್ಲಿ ಒಂದು ಮಹಡಿ ಹತ್ತಿ ಬಂದಿದ್ದರು. "ವಹಿನಿ, ಜರಾ ಖಾಲೀ ಯೇವೂನ್ ಬಘತಾ ಕಾ?" ಎಂದರು. ಸ್ವಲ್ಪ ಕೆಳಗೆ ಬಂದು ನೋಡ್ತೀರಾ, ಅಷ್ಟೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ನಾಲ್ಕು ಮಾತಾಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ.

ಅವರ ಬಚ್ಚಲಿನ ಸೂರಿನಲ್ಲಿ ಹರಿವಾಣದಷ್ಟು ದೊಡ್ಡ ಕಂದು ಕಲೆ. ಅಂಚಿನಲ್ಲಿ ಉಪ್ಪು ಅರಳಿದ ಹಾಗೆ ಬಿಳಿ ಪುಡಿ. ನಡುವೆ ಗಾರೆ ಉದುರಿ, ತುಕ್ಕು ಹಿಡಿದ ಕಂಬಿಯೊಂದು ಗೇಣುದ್ದ ಕಾಣುತ್ತಿತ್ತು. ಕೆಳಗೆ ಒಂದು ಪ್ಲಾಸ್ಟಿಕ್ ಸ್ಟೂಲು. ಪಾರ್ಶ್ವವಾಯುವಾದ ಕಾಕಾ ಅವರನ್ನು ಕೂರಿಸಿ ಸ್ನಾನ ಮಾಡಿಸುವುದು ಅದರ ಮೇಲೆ. ಹಿಂದಿನ ರಾತ್ರಿ ಅಂಗೈಯಗಲದ ಗಾರೆ ತುಂಡು ಬಿದ್ದದ್ದೂ ಆ ಸ್ಟೂಲಿನ ಮೇಲೆಯೇ. ಕಾಕೂ ಅದನ್ನು ಎತ್ತಿ ಪೇಪರಿನಲ್ಲಿ ಸುತ್ತಿಟ್ಟಿದ್ದರು, ನನಗೆ ತೋರಿಸಲು.

ನಾನು ಹೇಳಿದ ಮೊದಲ ಮಾತು ಈಗಲೂ ನೆನಪಾದರೆ ಮುಜುಗರವಾಗುತ್ತದೆ. "ನಮ್ಮ ಬಾತ್‌ರೂಮ್ ನೆಲ ಯಾವಾಗಲೂ ಒಣಗೇ ಇರುತ್ತಲ್ಲ ಕಾಕೂ."

ನೆಲ ಒಣಗಿರುತ್ತಿತ್ತು, ನಿಜ. ನೀರು ಎಲ್ಲಿ ಹೋಗಿ ಒಣಗುತ್ತಿತ್ತು ಎಂದು ನಾವು ಕೇಳಿಕೊಂಡಿರಲಿಲ್ಲ.

ಕುಂದಾಪುರದ ಹತ್ತಿರದ ನಮ್ಮೂರಿನ ಮನೆಯಲ್ಲಿ ಬಚ್ಚಲೆಂದರೆ ಹಂಡೆ, ಒಲೆ, ಕಾಲಿಗೆ ತಣ್ಣಗೆ ತಾಗುವ ಚಪ್ಪಡಿ ಕಲ್ಲು. ಎರಡು ಚಪ್ಪಡಿಗಳ ನಡುವಿನ ಸಂದಿನಲ್ಲಿ ಬೆರಳು ತೂರಿಸಬಹುದಿತ್ತು, ಮಳೆಗಾಲದಲ್ಲಿ ಅಲ್ಲಿಂದ ಎರೆಹುಳ ಬರುತ್ತಿತ್ತು. ಯಾರಿಗೂ ಚಿಂತೆಯಿರಲಿಲ್ಲ. ಆ ಬಚ್ಚಲಿನ ಕೆಳಗೆ ಇನ್ನೊಂದು ಮನೆಯಿರಲಿಲ್ಲ, ಮಣ್ಣಿತ್ತು. ಹರಿದದ್ದು ಬಾಳೆ ಬುಡಕ್ಕೆ, ಇಂಗಿದ್ದು ಬಾವಿಗೆ. ಅಂಥ ಮನೆಯಲ್ಲಿ ಬೆಳೆದು ಬಂದು, ಒಬ್ಬರ ತಲೆಯ ಮೇಲೆ ನಿಂತು ಸ್ನಾನ ಮಾಡುವ ಊರಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಆದರೂ ಟೈಲ್ಸ್ ನಡುವಿನ ಗೆರೆ ಯಾಕಿದೆ ಎಂದು ಕೇಳಿದರೆ ಉತ್ತರ ಗೊತ್ತಿರಲಿಲ್ಲ. ಕಪ್ಪಾಗಲಿಕ್ಕೆ, ನಾನು ದೀಪಾವಳಿಗೆ ಮುಂಚೆ ಹಳೆ ಬ್ರಶ್‌ನಲ್ಲಿ ತಿಕ್ಕಲಿಕ್ಕೆ ಎಂದುಕೊಂಡಿದ್ದೆ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾಕೆಯಲ್ಲಿ ಸಿಕ್ಕಿದ ಒಬ್ಬರನ್ನು ಕರೆದೆವು. ಆತ ಒಂದು ಕಪ್ಪಿನಲ್ಲಿ ಬಿಳಿ ಸಿಮೆಂಟ್ ಕಲಸಿ, ಹಳೆಯ ಗೆರೆಗಳ ಮೇಲೆ ಬೆರಳಲ್ಲಿ ಎಳೆದು, ಬಟ್ಟೆಯಿಂದ ಒರೆಸಿ, ಒಂದು ಗಂಟೆಯಲ್ಲಿ ದುಡ್ಡು ಎಣಿಸಿಕೊಂಡು ಹೋದ. ನೋಡಲು ಹೊಸ ಬಚ್ಚಲಿನ ಹಾಗೆ ಕಂಡಿತು. ಸಂಜೆಯೇ ನಾವು ಸ್ನಾನವನ್ನೂ ಮಾಡಿದೆವು. ಎರಡು ತಿಂಗಳಲ್ಲಿ ಆ ಬಿಳಿಯೆಲ್ಲ ಸಿಪ್ಪೆಯ ಹಾಗೆ ಎದ್ದು ಜಾಲರಿಯಲ್ಲಿ ಸೇರಿತು. ಕಾಕೂ ಮನೆಯ ಕಲೆ ಹರಿವಾಣದಿಂದ ಪರಾತದಷ್ಟಾಯಿತು. ಸೊಸೈಟಿಯಿಂದ ಕಾಗದವೂ ಬಂತು.

ಎರಡನೆಯವನು ಕಾಂಟ್ರ್ಯಾಕ್ಟರ್. ಬಾಗಿಲಲ್ಲಿ ನಿಂತೇ ನೋಡಿ, ಚಪ್ಪಲಿಯನ್ನೂ ಬಿಡದೆ, "ಪೂರಾ ತೋಡ್ನಾ ಪಡೇಗಾ" ಎಂದ. ಎಲ್ಲ ಒಡೆದು ಸ್ಲ್ಯಾಬಿನ ತನಕ ಹೋಗಬೇಕು, ಹದಿನೈದು ದಿನ, ಒಂದೂವರೆ ಲಕ್ಷ. ಅದು ಸುಳ್ಳು ಎನ್ನುವುದಿಲ್ಲ. ಕೆಲವು ಮನೆಗಳಲ್ಲಿ ಅದೇ ಬೇಕಾಗುತ್ತದೆ. ಆದರೆ ನೀರು ಎಲ್ಲಿಂದ ಹೋಗುತ್ತಿದೆ ಎಂದು ಅವನು ಒಂದು ಲೋಟ ನೀರನ್ನೂ ಹಾಕಿ ನೋಡಿರಲಿಲ್ಲ.

ಮೂರನೆಯವರು ಸಿಕ್ಕಿದ್ದು ಅಕಸ್ಮಾತ್. ಪಕ್ಕದ ವಿಂಗಿನಲ್ಲಿ ಕೆಲಸ ಮಾಡುತ್ತಿದ್ದ ಮಿಸ್ತ್ರಿಯೊಬ್ಬರನ್ನು ಇವರು ಕರೆತಂದರು. ಅವರು ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದಾಗ ನನಗೆ ಊರಿನಿಂದ ಅಕ್ಕನ ಫೋನು. ನಾನು ಅವಳಿಗೆ ಬಚ್ಚಲಿನ ಪುರಾಣ ಹೇಳುತ್ತಿದ್ದರೆ ಮಿಸ್ತ್ರಿ ತಲೆಯೆತ್ತಿ, "ಯಾವೂರ್ರೀ ಅಕ್ಕೋರೆ ನಿಮ್ದು?" ಎಂದುಬಿಟ್ಟರು. ಯಾದಗಿರಿ ಕಡೆಯವರು. ಹದಿನಾರನೇ ವಯಸ್ಸಿಗೆ ಇಟ್ಟಿಗೆ ಹೊರಲು ಮುಂಬೈಗೆ ಬಂದವರು. ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಜನ ಇಲ್ಲಿನ ಕಟ್ಟಡಗಳ ಮೇಲೆ ದುಡಿದಿದ್ದಾರೆ. ನಾವು ಕನ್ನಡ ಸಂಘದ ಸಭೆಗಳಲ್ಲಿ ಅವರನ್ನು ಕಾಣುವುದು ಕಡಿಮೆ, ಅಷ್ಟೇ.

"ಮದ್ಲ ರೋಗ ಹಿಡೀಬೇಕ್ರಿ, ಆಮ್ಯಾಲ ಔಷಧ," ಎಂದು ಅವರು ನಾಲ್ಕು ದಿನ ಏನನ್ನೂ ಒಡೆಯಲಿಲ್ಲ. ಈ ನಾಲ್ಕು ದಿನಗಳ ಕತೆಯನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಓದುವವರಲ್ಲಿ ಯಾರಿಗಾದರೂ ಒಂದೂವರೆ ಲಕ್ಷ ಉಳಿದೀತು.

ಬಚ್ಚಲಿನಿಂದ ಕೆಳಗಿಳಿಯುವ ನೀರಿಗೆ ಮುಖ್ಯವಾಗಿ ಮೂರು ದಾರಿ. ಗೋಡೆಯೊಳಗಿನ ನಲ್ಲಿಯ ಪೈಪು, ನೀರು ಹೊರಹೋಗುವ ನಹನಿ ಟ್ರ್ಯಾಪ್ ಮತ್ತು ಅದರ ಪೈಪು, ಕೊನೆಯದಾಗಿ ನೆಲ. ನಲ್ಲಿಯ ಪೈಪಿನಲ್ಲಿ ಸದಾ ಒತ್ತಡವಿರುತ್ತದೆ, ಅದು ಒಡೆದಿದ್ದರೆ ಸ್ನಾನ ಮಾಡಲಿ ಬಿಡಲಿ ಸೋರುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಎರಡು ದಿನ ಬಚ್ಚಲನ್ನು ಬಳಸಬೇಡಿ, ನಲ್ಲಿಯ ವಾಲ್ವ್ ಮಾತ್ರ ತೆರೆದೇ ಇಡಿ ಎಂದರು. ನಾವು ಬಕೆಟ್, ಟವೆಲ್ ಹಿಡಿದು ಎದುರು ಕಟ್ಟಡದ ಧಾರವಾಡದವರ ಮನೆಗೆ ಸ್ನಾನಕ್ಕೆ ಹೋದೆವು. (ಎರಡನೇ ದಿನ ಉಪ್ಪಿಟ್ಟೂ ಸಿಕ್ಕಿತು.) ಕಾಕೂ ಮನೆಯಲ್ಲಿ ತೊಟ್ಟಿಕ್ಕುವುದು ನಿಂತಿತು. ಅಲ್ಲಿಗೆ ನಲ್ಲಿಯ ಪೈಪು ನಿರ್ದೋಷಿ.

ಮೂರನೇ ದಿನ, ನೆಲಕ್ಕೆ ಒಂದು ಹನಿಯೂ ತಾಗದಂತೆ, ತುಂಡು ಪೈಪಿನ ಮೂಲಕ ಐದು ಬಕೆಟ್ ನೀರನ್ನು ನೇರ ಟ್ರ್ಯಾಪಿನ ಬಾಯಿಗೆ ಸುರಿದರು. ಕಾಕೂ ಕೆಳಗೆ ಟಾರ್ಚ್ ಹಿಡಿದು ಕೂತಿದ್ದರು. ಏನೂ ಇಲ್ಲ. ನಾಲ್ಕನೇ ದಿನ ಟ್ರ್ಯಾಪಿನ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ತುರುಕಿ ಬಿಗಿದು, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿದರು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನ ಗುರುತು. ಐದು ಗಂಟೆಯ ಹೊತ್ತಿಗೆ ಗುರುತು ಒಂದು ಕಾಳಿನಷ್ಟು ಮೇಲಾಗಿತ್ತು, ಕೆಳಗಿನಿಂದ ಕಾಕೂ ಧ್ವನಿ ಕೇಳಿತು: "ಆಲಂ, ಆಲಂ!" ಬಂತು, ಬಂತು. ಸೋರುತ್ತಿದೆ ಎಂದು ಅಷ್ಟೊಂದು ಖುಷಿಪಟ್ಟವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ನೀರು ಬಸಿದು ತೆಗೆದ ಮೇಲೆ ಮಿಸ್ತ್ರಿ ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲನ್ನೂ ಕುಟ್ಟಿದರು. ಗಟ್ಟಿ ಕೂತದ್ದು ಟಕ್ ಎನ್ನುತ್ತದೆ, ಕೆಳಗೆ ಟೊಳ್ಳಾದದ್ದು ಮಡಕೆಯ ಹಾಗೆ ಸದ್ದು ಮಾಡುತ್ತದೆ. ಟ್ರ್ಯಾಪಿನ ಸುತ್ತಲ ನಾಲ್ಕು ಟೈಲ್ಸ್ ಟೊಳ್ಳು. ಅದರ ಜಾಲರಿಯ ಪಕ್ಕದ ಸಂದಿಗೆ ಹ್ಯಾಕ್ಸಾ ಬ್ಲೇಡ್ ಇಟ್ಟರೆ ಬೆರಳುದ್ದ ಒಳಗೆ ಇಳಿಯಿತು. ನೆಲ ಮತ್ತು ಗೋಡೆ ಸೇರುವ ಮೂಲೆಯುದ್ದಕ್ಕೂ ಕೂದಲೆಳೆಯ ಬಿರುಕು.

"ಇದು ಹಲ್ಲಿದ್ದಂಗ ರೀ," ಎಂದರು. "ಹುಳಾ ತಗೀದೇ ಮ್ಯಾಲ ಸಿಮೆಂಟ್ ತುಂಬಿದ್ರ ಒಳಗ ತಿಂತನೇ ಇರ್ತದ. ಮುಂಚೆ ಬಂದಾಂವ ಅದೇ ಮಾಡ್ಯಾನ."

ಸಂದು ಯಾಕಿರುತ್ತದೆ ಎನ್ನುವುದು ನನಗೆ ಆಗ ಅರ್ಥವಾಯಿತು. ಗುಜರಾತಿನ ಮೋರ್ಬಿಯ ಭಟ್ಟಿಗಳಿಂದ ಬರುವ ಟೈಲ್ಸ್ ಎಷ್ಟೇ ಒಂದೇ ಅಚ್ಚಿನದಾದರೂ ಅಳತೆಯಲ್ಲಿ ಕೂದಲಷ್ಟು ವ್ಯತ್ಯಾಸವಿರುತ್ತದೆ. ಅಲ್ಲದೆ ಬಿಸಿನೀರು ಬಿದ್ದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಕೆಳಗಿನ ಸ್ಲ್ಯಾಬೂ ಸಣ್ಣಗೆ ಅಲುಗಾಡುತ್ತದೆ. ನಡುವೆ ಜಾಗ ಬಿಡದೆ ಒಂದಕ್ಕೊಂದು ಒತ್ತಿ ಕೂರಿಸಿದರೆ ಅಂಚು ಸಿಡಿಯುತ್ತದೆ ಅಥವಾ ಟೈಲ್ ಮೇಲೇಳುತ್ತದೆ. 'ಸಂದು ಕಾಣಬಾರದು, ಚಂದ ಕಾಣಬೇಕು' ಎಂದು ಮೇಸ್ತ್ರಿಗೆ ದುಂಬಾಲು ಬೀಳುವವರು ನಾವೇ. ಗೋಡೆಗೆ ಎರಡು ಮಿಲಿಮೀಟರ್, ನೆಲಕ್ಕೆ ಮೂರು ಮಿಲಿಮೀಟರ್ ಆದರೂ ಬೇಕು, ಪ್ಲಾಸ್ಟಿಕ್ ಸ್ಪೇಸರ್ ಇಟ್ಟೇ ಕೂರಿಸಬೇಕು. ಅಷ್ಟೂ ಜಾಗವಿಲ್ಲದಿದ್ದರೆ ತುಂಬುವ ಗ್ರೌಟ್ ಒಳಗೆ ಇಳಿಯುವುದೇ ಇಲ್ಲ, ಮೇಲೆ ಬಳಿದ ಸುಣ್ಣವಾಗುತ್ತದೆ.

ಇನ್ನೊಂದು ಸಂಗತಿ ನನಗೆ ನಿಜಕ್ಕೂ ಹೊಸದು. ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಅದು ಸಣ್ಣ ಸಣ್ಣ ರಂಧ್ರಗಳ ವಸ್ತು. ನೀರಿನ ಬಹುಪಾಲನ್ನು ಮೇಲಿಂದಲೇ ಹರಿದು ಹೋಗುವಂತೆ ಮಾಡುತ್ತದೆ, ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ಆ ಸ್ವಲ್ಪವನ್ನು ತಡೆಯಬೇಕಾದದ್ದು ಟೈಲ್ಸ್‌ನ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಮುಂಬೈ ಕಡೆಯ ಹಳೆ ಕಟ್ಟಡಗಳಲ್ಲಿ ಅದು ಇಟ್ಟಿಗೆ ಚೂರು ಹಾಸಿ ಸಿಮೆಂಟ್ ಹಾಕುವ ಬ್ರಿಕ್‌ಬ್ಯಾಟ್ ಕೋಬಾ, ಈಗಿನದರಲ್ಲಿ ಬಳಿಯುವ ಪಾಲಿಮರ್ ಲೇಪ. ಈ ಪದರ ಮೊದಲು ಸೋಲುವುದು ಪೈಪು ಸ್ಲ್ಯಾಬನ್ನು ತೂರಿ ಹೋಗುವ ಜಾಗದಲ್ಲಿ. ಸಂದು ಬಾಯಿಬಿಟ್ಟರೆ ದಿನಕ್ಕೆ ನಾಲ್ಕು ಸ್ನಾನದ ನೀರು ಟೈಲ್ಸ್‌ನ ಕೆಳಗಿನ ಮರಳು-ಸಿಮೆಂಟಿನಲ್ಲಿ ಸ್ಪಂಜಿನ ಹಾಗೆ ನಿಲ್ಲುತ್ತದೆ, ನಿಧಾನಕ್ಕೆ ಆ ಪೈಪಿನ ಸುತ್ತ ದಾರಿ ಹುಡುಕುತ್ತದೆ. ಸ್ಲ್ಯಾಬಿನ ಕಂಬಿಗೆ ತಾಗಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಕಾಕಾ ಅವರ ಸ್ಟೂಲಿನ ಮೇಲೆ ಬಿದ್ದ ತುಂಡು ಹಾಗೆ ಬಿದ್ದದ್ದು.

ಆದ್ದರಿಂದ ನಮ್ಮಲ್ಲಿ ಬರೀ ಸಂದು ತುಂಬಿದರೆ ಸಾಲದು ಎಂದು ಮಿಸ್ತ್ರಿ ಸ್ಪಷ್ಟವಾಗಿ ಹೇಳಿದರು. ಟ್ರ್ಯಾಪಿನ ಸುತ್ತಲ ನಾಲ್ಕು ಟೈಲ್ಸ್ ಮಾತ್ರ ಎಬ್ಬಿಸಿದರು. ಪೈಪಿನ ಸುತ್ತ ಸಡಿಲವಾದ ಗಾರೆಯನ್ನೆಲ್ಲ ಕೆತ್ತಿ ತೆಗೆದು, ಒಣಗುವಾಗ ಕುಗ್ಗದ ಸಿಮೆಂಟ್ ಮಸಾಲೆ ತುಂಬಿ, ಅದರ ಮೇಲೆ ಎರಡು ಕೈ ವಾಟರ್‌ಪ್ರೂಫ್ ಲೇಪ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಅದು ಗಟ್ಟಿಯಾದ ಮೇಲೆ ಆ ಗುಂಡಿಯಲ್ಲಿ ಒಂದು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಟೈಲ್ಸ್ ಕೂರಿಸಿದರು. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗುವ ಮಿಸ್ತ್ರಿಗೆ ಬಾಕಿ ದುಡ್ಡು ಕೊಡಬೇಡಿ.

ಸಂದಿನ ಕೆಲಸ ಅದರ ನಂತರ. ಉಳಿದ ನೆಲದ ಹಳೆ ಗ್ರೌಟನ್ನು ಹ್ಯಾಕ್ಸಾ ಬ್ಲೇಡಿನಿಂದ ಗೀಚಿ ತೆಗೆಯಲು ಒಂದೂವರೆ ದಿನ ಹಿಡಿಯಿತು. ಮೇಲೆ ಕೆರೆದರೆ ಆಗುವುದಿಲ್ಲ, ಟೈಲಿನ ದಪ್ಪದ ಮೂರನೇ ಎರಡು ಭಾಗದಷ್ಟು ಆಳಕ್ಕಾದರೂ ಹೋಗಬೇಕು. ಇಲ್ಲದಿದ್ದರೆ ಹೊಸತಕ್ಕೆ ಹಿಡಿತ ಸಿಗದೆ ನಮ್ಮ ಬಿಳಿ ಸಿಮೆಂಟಿನ ಗತಿಯೇ. ಪುಡಿಯನ್ನು ಬ್ರಶ್‌ನಿಂದ ತೆಗೆದು, ಒರೆಸಿ, ಮೂರು ದಿನ ಟೇಬಲ್ ಫ್ಯಾನ್ ಹಾಕಿಟ್ಟರು. ಕೆಳಗಿನ ತೇವ ಆದಷ್ಟು ಸಂದಿನಿಂದಲೇ ಮೇಲೆ ಹೋಗಲಿ ಎಂದು. ಮಳೆಗಾಲದಲ್ಲಾಗಿದ್ದರೆ ಇದಕ್ಕೇ ವಾರ ಬೇಕಾಗುತ್ತಿತ್ತು. ನಮ್ಮ ಪುಣ್ಯಕ್ಕೆ ಆಗ ಫೆಬ್ರವರಿ.

ನೆಲಕ್ಕೆ ಅವರು ಹಾಕಿದ್ದು ಎಪಾಕ್ಸಿ. ಸಿಮೆಂಟ್ ಗ್ರೌಟಿಗಿಂತ ಹಲವು ಪಟ್ಟು ದುಬಾರಿ. ರಾಳ ಒಂದು ಡಬ್ಬಿ, ಗಟ್ಟಿಮಾಡುವ ದ್ರವ ಒಂದು, ಜೊತೆಗೆ ಪುಡಿ. ಮೂರನ್ನೂ ಪ್ಯಾಕಿನಲ್ಲಿ ಬರೆದ ಅಳತೆಯಲ್ಲಿ ಕಲಸಿದ ಮೇಲೆ ಕೈಯಲ್ಲಿರುವುದು ಅರ್ಧ-ಮುಕ್ಕಾಲು ಗಂಟೆ, ಬಿಸಿಲ ದಿನವಾದರೆ ಇನ್ನೂ ಕಡಿಮೆ. ಅಷ್ಟರಲ್ಲಿ ರಬ್ಬರಿನ ಕರಣೆಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಬೇಕು. ಟೈಲ್ ಮೇಲೆ ಉಳಿದದ್ದನ್ನು ಆಗಲೇ ಒರೆಸದಿದ್ದರೆ ಅದು ಜನ್ಮಕ್ಕೆ ಅಲ್ಲೇ. ಅದಕ್ಕೇ ಒಂದೇ ಸಲ ಎಲ್ಲ ಕಲಸಲಿಲ್ಲ, ಸ್ವಲ್ಪ ಸ್ವಲ್ಪ. ಗಟ್ಟಿಯಾದ ಎಪಾಕ್ಸಿಯಲ್ಲಿ ನೀರು ಇಳಿಯುವುದಿಲ್ಲ ಎನ್ನುವಷ್ಟು ಕಡಿಮೆ, ಅರಿಸಿನ-ಸೀಗೆಯ ಕಲೆಯೂ ಸುಲಭಕ್ಕೆ ಹಿಡಿಯುವುದಿಲ್ಲ.

ಗೋಡೆಗೆ ಅಷ್ಟು ಖರ್ಚು ಬೇಡವೆಂದರು, ಅಲ್ಲಿ ನೀರು ನಿಲ್ಲುವುದಿಲ್ಲವಲ್ಲ. ಪಾಲಿಮರ್ ಸೇರಿದ ಸಿಮೆಂಟ್ ಗ್ರೌಟ್ ಸಾಕು. ಅದನ್ನು ಕಲಸುವಾಗ ಇಡ್ಲಿ ಹಿಟ್ಟಿಗಿಂತ ಗಟ್ಟಿಯಿರಬೇಕು. ನೀರು ಹೆಚ್ಚಾದರೆ ಒಣಗಿದ ಮೇಲೆ ಪುಡಿಪುಡಿ, ಬಣ್ಣವೂ ಒಂದೊಂದು ಕಡೆ ಒಂದೊಂದು. ಕಲಸಿ ಐದು-ಹತ್ತು ನಿಮಿಷ ಬಿಟ್ಟು, ಮತ್ತೆ ತಿರುವಿ ಹಚ್ಚಬೇಕು. ಒರೆಸುವ ಸ್ಪಂಜು ಹಿಂಡಿದ್ದಿರಬೇಕು, ತೊಟ್ಟಿಕ್ಕಬಾರದು.

ಆದರೆ ಗೋಡೆ-ನೆಲ ಸೇರುವ ಮೂಲೆ, ಎರಡು ಗೋಡೆಗಳ ಮೂಲೆ, ಬಾಗಿಲ ಚೌಕಟ್ಟಿನ ಬುಡ, ನಲ್ಲಿ ಗೋಡೆಯಿಂದ ಹೊರಬರುವ ತೂತು: ಇಲ್ಲೆಲ್ಲ ಯಾವ ಗ್ರೌಟೂ ನಿಲ್ಲುವುದಿಲ್ಲ. ಎರಡು ಬೇರೆ ಬೇರೆ ಮೈಗಳು ಬೇರೆ ಬೇರೆಯಾಗಿ ಅಲುಗುವ ಜಾಗ ಅದು, ಗಟ್ಟಿ ವಸ್ತು ಸೀಳುತ್ತದೆ. ನಮ್ಮ ಮೂಲೆಯ ಕೂದಲೆಳೆ ಬಿರುಕಿನ ಗುಟ್ಟು ಇದೇ. ಅಲ್ಲಿ ಬೇಕಾದದ್ದು ರಬ್ಬರಿನ ಹಾಗೆ ಎಳೆದರೆ ಬರುವ ಸಿಲಿಕೋನ್, ಅದರಲ್ಲೂ ಬೂಷ್ಟು ನಿರೋಧಕ ಸೇರಿದ ಬಚ್ಚಲಿನ ಸಿಲಿಕೋನ್. ಹಳೆಯ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲ, ಪೂರ್ತಿ ಕಿತ್ತೇ ಹಾಕಬೇಕು. ತಮಾಷೆಯೆಂದರೆ ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಆದರೆ ಅಂಟುವ ಜಾಗ ಮಾತ್ರ ಒಣಗಿರಬೇಕು. ವಿನೆಗರಿನ ವಾಸನೆ ಬರುವ ಅಗ್ಗದ ಬಗೆಯನ್ನು ಮಾರ್ಬಲ್ ಹತ್ತಿರ ತರಬಾರದು, ಅದರಿಂದ ಹೊರಡುವ ಆಮ್ಲ ಕಲ್ಲನ್ನು ಕೆಡಿಸುತ್ತದೆ. 'ನ್ಯೂಟ್ರಲ್' ಎಂದು ಬರೆದದ್ದನ್ನು ಕೇಳಿ ತರಬೇಕು. ಮಿಸ್ತ್ರಿ ಎರಡೂ ಬದಿಗೆ ಕಾಗದದ ಟೇಪ್ ಹಚ್ಚಿ, ಮೂತಿಯನ್ನು ಓರೆಯಾಗಿ ಕತ್ತರಿಸಿ, ಒಂದೇ ಉಸಿರಿನಲ್ಲಿ ಎಳೆದು, ಸಾಬೂನು ನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, ಹಸಿಯಿರುವಾಗಲೇ ಟೇಪ್ ಕಿತ್ತರು. ಒಂದು ದಿನ ನೀರು ತಾಗಿಸಲಿಲ್ಲ.

ಕೆಲಸದ ನಡುವೆ ಚಹಾ ಕೊಡುವಾಗ ಕೇಳಿದೆ, ನಿಮ್ಮೂರ ಮನೆಯ ಬಚ್ಚಲಿಗೆ ಯಾವ ಟೈಲ್ಸ್ ಎಂದು. "ಟೈಲ್ಸ್ ಎಲ್ಲೀದು ರೀ, ನಮ್ಮ ಶಹಾಬಾದ್ ಕಲ್ಲ ಅದ," ಎಂದು ನಕ್ಕರು. ಇಲ್ಲಿನವರು ಶಹಾಬಾದಿ ಲಾದಿ ಎನ್ನುವುದು ಕಲಬುರಗಿ ಜಿಲ್ಲೆಯ ಆ ಸುಣ್ಣಕಲ್ಲಿಗೇ. ನಮ್ಮ ಕಟ್ಟಡದ ಮೆಟ್ಟಿಲು, ಹಿಂದಿನ ಮೋರಿ ಎಲ್ಲ ಅದೇ. ಇಪ್ಪತ್ತೆರಡು ವರ್ಷ ಅದರ ಮೇಲೆ ನಡೆದಾಡಿದ್ದೆ.

ಹೋಗುವಾಗ ಅವರು ಶೆಲ್ಫಿನ ಮೇಲಿದ್ದ ನನ್ನ ಆ್ಯಸಿಡ್ ಬಾಟಲಿಯನ್ನು ತೋರಿಸಿ, "ಇದನ್ನ ಬಿಟ್ಟುಬಿಡ್ರಿ ಅಕ್ಕೋರೆ, ನಿಮ್ಮ ಸಂದಿ ತಿಂದದ್ದು ಇದೇ," ಎಂದರು. ಪ್ರತಿ ತಿಂಗಳು ಫಳಫಳ ಹೊಳೆಯಲೆಂದು ನಾನು ಸುರಿಯುತ್ತಿದ್ದುದು ಅದನ್ನೇ. ಆ್ಯಸಿಡ್ ಕಲೆಯ ಜೊತೆ ಗ್ರೌಟಿನಲ್ಲಿರುವ ಸಿಮೆಂಟನ್ನೂ ಕರಗಿಸುತ್ತದೆ. ಮುಂಬೈ ಕಡೆ ಕೆರೆ-ಜಲಾಶಯದ ಮೆದು ನೀರು, ಆದರೂ ನನ್ನ ಗತಿ ಇದು. ಚೆನ್ನೈ, ಹೈದರಾಬಾದಿನಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಇರುವವರ ಕಷ್ಟ ಬೇರೆಯೇ. ಗಡಸು ನೀರಿನ ಬಿಳಿ ಪದರ ಟೈಲ್ಸ್ ಮೇಲೆ ಕೂತಾಗ ಆ್ಯಸಿಡ್ ಬಿಟ್ಟರೆ ಬೇರೆ ತೋಚುವುದಿಲ್ಲ. ಸ್ನಾನವಾದ ಮೇಲೆ ವೈಪರ್‌ನಲ್ಲಿ ಗೋಡೆಯ ನೀರನ್ನೂ ಎಳೆದುಬಿಟ್ಟರೆ ಆ ಪದರ ಕಟ್ಟುವುದೇ ಕಡಿಮೆ. ಕಪ್ಪು ಬೂಷ್ಟಿಗೆ ಬ್ಲೀಚ್ ಹಾಕುವವರು ಒಂದು ಮಾತು ನೆನಪಿಡಿ: ಆ್ಯಸಿಡ್ ಮತ್ತು ಬ್ಲೀಚ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ಹಣದ ಮಾತು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸೈಟಿಯ ಖರ್ಚು. ಬಚ್ಚಲು, ಸಂಡಾಸು, ಸಿಂಕ್‌ನಿಂದ ಆದದ್ದು ಆಯಾ ಫ್ಲ್ಯಾಟಿನವರದ್ದು. ಆದ್ದರಿಂದ ಕಾಕೂ ಮನೆಯ ಸೂರಿನ ರಿಪೇರಿಯೂ ನಮ್ಮದೇ ಎಂದು ಇವರು ತಾವಾಗಿಯೇ ಬರೆದುಕೊಟ್ಟರು. ಕಂಬಿಯ ತುಕ್ಕು ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಗಾರೆ ಹಾಕಿದ್ದು ಯಾದಗಿರಿಯ ಅದೇ ಮಿಸ್ತ್ರಿ. ಎಲ್ಲ ಸೇರಿ ಕಾಂಟ್ರ್ಯಾಕ್ಟರ್ ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ನಮ್ಮ ಕಟ್ಟಡಕ್ಕೆ ಇನ್ನೆರಡು ವರ್ಷಕ್ಕೆ 30 ತುಂಬುತ್ತದೆ. ಆಮೇಲೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆಗ ಇಂಜಿನಿಯರ್ ಮೊದಲು ತಲೆಯೆತ್ತಿ ನೋಡುವುದು ಬಚ್ಚಲುಗಳ ಸೂರನ್ನೇ ಅಂತೆ.

ಬಣ್ಣ ಮಾತ್ರ ಕೂಡಲೇ ಹೊಡೆಯಬೇಡಿ ಎಂದಿದ್ದರು. ವರ್ಷಗಟ್ಟಲೆ ಕುಡಿದ ನೀರು ಸ್ಲ್ಯಾಬಿನಿಂದ ಇಳಿಯಲು ತಿಂಗಳುಗಳು ಬೇಕು. ಕಾಕೂ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದರು. ಪ್ರತಿ ಭಾನುವಾರ ನಾನು ಹೋಗಿ ನೋಡುವುದು, ಅವರು ಚಹಾ ಇಡುವುದು. ಮೊದಲ ತಿಂಗಳು ಗೆರೆ ಕದಲಲಿಲ್ಲ, ನನಗೆ ನಿದ್ದೆ ಬರಲಿಲ್ಲ. ಏಪ್ರಿಲಿನಲ್ಲಿ ಕಲೆ ಗೆರೆಯಿಂದ ಎರಡು ಬೆರಳು ಒಳಗೆ ಸರಿಯಿತು. ಮಳೆಗಾಲ ಮುಗಿದರೂ ಅದು ಮತ್ತೆ ಗೆರೆ ಮುಟ್ಟಲಿಲ್ಲ. ಗಣಪತಿ ಹಬ್ಬ ಕಳೆದ ಮೇಲಿನ ಭಾನುವಾರ ಹೋದಾಗ ಕಾಕಾ ಆ ಸ್ಟೂಲಿನ ಮೇಲೆ ಸ್ನಾನ ಮುಗಿಸಿ ಹೊರಗೆ ಕೂತಿದ್ದರು. ಕಾಕೂ ಮಾತ್ರ ನೆಲ ನೋಡುತ್ತ ನಿಂತಿದ್ದರು. ಕೈಯಲ್ಲಿ ಎರಡು ರೂಪಾಯಿ ನಾಣ್ಯ. "ಇಲ್ಲೊಂದು ಟೈಲ್ ಟೊಳ್ಳು ಸದ್ದು ಮಾಡ್ತಿದೆ. ನಮ್ಮ ಕೆಳಗೂ ಒಂದು ಮನೆ ಇದೆಯಲ್ಲ," ಎಂದು ಮಿಸ್ತ್ರಿಯ ನಂಬರ್ ಕೇಳಿದರು.